ಕೆಂಪು ಚುಕ್ಕೆಯ ಕೆಳಗೆ

ಪಟಕ್ಕನಿಗೆ ಆ ಹೆಸರು ಬಂದದ್ದು ಅವಳ ಹೆಬ್ಬೆರಳಿನಿಂದ. ಸಿರಿಂಜಿನ ಕೊಳವೆಯ ಬುಡದಲ್ಲಿ ಬೆರಳು ಊರಿಕೊಳ್ಳಲೆಂದು ಎರಡು ಪುಟ್ಟ ರೆಕ್ಕೆಗಳಿರುತ್ತವಲ್ಲ, ಅದರಲ್ಲೊಂದನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಬಗ್ಗಿಸುವುದೇ ಅವಳ ಉದ್ಯೋಗ. ಬಗ್ಗಿದರೆ ಮಾಲು ಸರಿಯಿದೆ. ‘ಪಟ್’ ಅಂದರೆ ಮಾಲು ಕೆಟ್ಟಿದೆ. ಇಷ್ಟೇನಾ ಎಂದು ಮೂಗು ಮುರಿಯಬೇಡಿ. ಮೂವತ್ತೊಂದು ವರ್ಷ ದಿನಾ ಇದನ್ನೇ ಮಾಡಿ ನೋಡಿ, ಆಮೇಲೆ ಮಾತಾಡೋಣ. ಮಧ್ಯದಲ್ಲಿ ಕಾರ್ಖಾನೆಯವರು ಬಗ್ಗಿಸುವುದಕ್ಕೆಂದೇ ಒಂದು ಯಂತ್ರ ತಂದಿಟ್ಟರು. ಅದು ಗುರ್ ಎಂದು ಸದ್ದು ಮಾಡಿ ಒಂದು ಅಂಕಿ ತೋರಿಸುತ್ತಿತ್ತು. ಪಟಕ್ಕ ಅದಕ್ಕಿಂತ ಮೊದಲೇ ಅಂಕಿ ಹೇಳಿ, ಯಂತ್ರ ಅದನ್ನೇ ತೋರಿಸಿದಾಗ, “ಪರವಾಗಿಲ್ಲ, ಕಲೀತಾ ಇದೆ” ಎನ್ನುತ್ತಿದ್ದಳು.

ಹೊಸದಾಗಿ ಮಾಡಿದ ಸಿರಿಂಜನ್ನು ಯಾರಾದರೂ ಬಗ್ಗಿಸಬಹುದು. ಪಟಕ್ಕ ಬಗ್ಗಿಸುತ್ತಿದ್ದದ್ದು ಹಳೆಯದನ್ನು. ಯಾಕೆಂದರೆ ಪ್ಲಾಸ್ಟಿಕ್ಕಿಗೆ ಕಿರಣ ಹಾಯಿಸಿದರೆ ಅದು ಒಂದು ವಿಚಿತ್ರ ಜಾತಿಯಾಗಿಬಿಡುತ್ತದೆ. ಸಿರಿಂಜುಗಳನ್ನು ರಟ್ಟಿನ ಡಬ್ಬಗಳಲ್ಲಿ ತುಂಬಿ, ಅಂಗಳದ ಆಚೆ ಇರುವ ಆಳೆತ್ತರ ದಪ್ಪದ ಗೋಡೆಯ ‘ಕಿರಣದ ಮನೆ’ಗೆ ಸರಪಳಿಯ ಮೇಲೆ ಕಳಿಸುತ್ತಾರೆ. ಒಳಗೆ ಒಂದು ಸುತ್ತು ಹಾಕಿ ಬಂದರೆ ಸೀಲು ಒಡೆಯದೆಯೇ ಒಳಗಿನ ಕ್ರಿಮಿಗಳೆಲ್ಲ ಸತ್ತಿರುತ್ತವೆ. ಬರುವಾಗ ಮಾಲು ಫಳಫಳ ಹೊಳೆಯುತ್ತಿರುತ್ತದೆ. ಆದರೆ ಕ್ರಿಮಿಯನ್ನು ಕತ್ತರಿಸಿದ ಕಿರಣ ಪ್ಲಾಸ್ಟಿಕ್ಕಿನ ಒಳಗಿನ ಉದ್ದುದ್ದ ಎಳೆಗಳನ್ನೂ ಅಲ್ಲಲ್ಲಿ ಕತ್ತರಿಸಿರುತ್ತದೆ. ಆ ತುಂಡಾದ ತುದಿಗಳು ಸುಮ್ಮನಿರುವುದಿಲ್ಲ, ಗಾಳಿಯ ಜೊತೆ ಸೇರಿಕೊಂಡು ತಿಂಗಳುಗಟ್ಟಲೆ ಪಕ್ಕದ ಎಳೆಗಳನ್ನು ಕೆಡಿಸುತ್ತ ಹೋಗುತ್ತವೆ. ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೆ ನುಸಿ ಹೊಕ್ಕ ಹಾಗೆ. ಇವತ್ತು ಸರಿಯಿದ್ದದ್ದು ಎಂಟು ತಿಂಗಳಿಗೆ ಹಳದಿಗಟ್ಟಿ ಪೆಡಸಾಗುತ್ತದೆ. ಒಂದು ಸುತ್ತಿಗೆ ತಡೆದುಕೊಳ್ಳುವ ಹಾಗೆ ಮಾಲನ್ನು ತಯಾರಿಸಿರುತ್ತಾರೆ. ಆದರೂ ಎಚ್ಚರಿಕೆಗೆಂದು ಪ್ರತಿ ಬ್ಯಾಚಿನ ಒಂದು ಡಬ್ಬವನ್ನು ಮಾದರಿ ಕೋಣೆಯಲ್ಲಿ ಎತ್ತಿಟ್ಟು, ತಿಂಗಳಿಗೊಮ್ಮೆ ಅದರಿಂದ ಎರಡು ತೆಗೆದು ಮುರಿದು ನೋಡುತ್ತಾರೆ. ಆ ಕೋಣೆಯ ಯಜಮಾನಿ ಪಟಕ್ಕ.

ಅವಳ ನಿವೃತ್ತಿಗೆ ಇನ್ನು ಎಂಟೇ ದಿನ ಇತ್ತು. ಅವಳ ಜಾಗಕ್ಕೆ ಬಂದವಳು ಒಬ್ಬ ಕೆಮಿಸ್ಟ್, ಎರಡು ಮಕ್ಕಳ ತಾಯಿ, ಓದಿದವಳು, ಬಾಯಿ ಸ್ವಲ್ಪ ಜೋರು. ಅಟ್ಟದ ಹತ್ತಿರದ ಮೇಲಿನ ಸಾಲಿನಲ್ಲಿರುವ ತೀರಾ ಹಳೆಯ ಡಬ್ಬಗಳನ್ನೆಲ್ಲ ಎಸೆಯಿರಿ, ಜಾಗ ಬೇಕು ಎಂದು ಮ್ಯಾನೇಜರು ಅಪ್ಪಣೆ ಮಾಡಿದ್ದರು. ಇಬ್ಬರೂ ಏಣಿ ಹಾಕಿಕೊಂಡು ಕೂತಿದ್ದರು.

ಎಸೆಯುವ ಕೆಲಸ ಒಂದು ಗಂಟೆಯದು. ಇವರಿಗೆ ಮೂರು ದಿನ ಹಿಡಿಯಿತು. ಹಿಡಿಯದೆ ಏನು? ಒಂದೊಂದು ಡಬ್ಬ ಇಳಿಸಿದಾಗಲೂ ಪಟಕ್ಕನ ಬಾಯಿಂದ ಒಂದೊಂದು ಕಥೆ ಇಳಿಯುತ್ತಿತ್ತು. ಇದು ಕರೆಂಟು ಹೋಗಿ ಅಚ್ಚಿನ ಯಂತ್ರದಲ್ಲೇ ಪ್ಲಾಸ್ಟಿಕ್ಕು ಹೆಪ್ಪುಗಟ್ಟಿದ ವಾರದ್ದು. ಇದು ಪ್ಯಾಕಿಂಗಿನ ಹೆಂಗಸರೆಲ್ಲ ಕಾಗದದ ಟೋಪಿ ಹಾಕಿಕೊಳ್ಳಲ್ಲ ಎಂದು ಮುಷ್ಕರ ಹೂಡಿದ ದಿನದ್ದು. ಚಳಿಗಾಲದ ಬೆಳಗ್ಗೆಗಳಲ್ಲಿ ಯಂತ್ರದಿಂದ ಆಗಷ್ಟೇ ಉದುರಿದ ಬಿಸಿ ಕೊಳವೆಗಳನ್ನು ಬೊಗಸೆಯಲ್ಲಿ ತುಂಬಿಕೊಂಡು ಕೈ ಕಾಯಿಸಿಕೊಳ್ಳುತ್ತಿದ್ದುದನ್ನು ಹೇಳುವಾಗ ಅವಳ ಮುಖ ಇಷ್ಟಗಲವಾಯಿತು.

“ನಮಗೆ ಕೈ ಕಾಯಿಸ್ಕೊಳ್ಳೋಕೆ ಬಿಡ್ತಿದ್ದದ್ದು ಅಚ್ಚಿನ ಮೇಷ್ಟ್ರು ಒಬ್ರೇ ಕಣ್ರೀ. ಬೇರೆ ಯಂತ್ರದೋರು ಓಡಿಸ್ಕೊಂಡು ಬರೋರು.”

“ಯಾರು ಅಚ್ಚಿನ ಮೇಷ್ಟ್ರು?”

ಅಚ್ಚಿನ ಮೇಷ್ಟ್ರು ಯಾರೆಂದು ಎರಡು ಮಾತಿನಲ್ಲಿ ಹೇಗೆ ಹೇಳುವುದು? ಮೊದಲ ಯಂತ್ರ ಬಂದಾಗಿನಿಂದ ಅದರ ಮುಂದೆ ನಿಂತಿದ್ದವರು. ಪ್ಲಾಸ್ಟಿಕ್ ಹರಳಿನ ಹೊಸ ಚೀಲ ಬಿಚ್ಚಿದಾಗ ಬರುವ ಮೊದಲ ಒಳ್ಳೆಯ ಕೊಳವೆಯನ್ನು ಎರಡು ಕೈಯಲ್ಲಿ ಅತ್ತಿಂದಿತ್ತ ಹಾರಿಸಿ ಆರಿಸಿಕೊಂಡು, ಬೆಳಕಿಗೆ ಹಿಡಿದು ನೋಡಿ, ಅದರ ಮೇಲೆ ಬ್ಯಾಚಿನ ಗುರುತು ಗೀಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. “ಮೊದಲ ಕಾಯಿ ಮಾಡಿದೋನಿಗೆ” ಎಂಬುದು ಅಚ್ಚಿನ ಯಂತ್ರದವರ ನಡುವೆ ಇದ್ದ ರೂಢಿ, ಯಾರೂ ಬೇಡವೆನ್ನುತ್ತಿರಲಿಲ್ಲ. ಒಳ್ಳೆಯ ಪ್ಲಾಸ್ಟಿಕ್ಕು ಯಾವುದು, ಅರೆದ ಹಳೆ ಪುಡಿ ಬೆರೆಸಿದ್ದು ಯಾವುದು ಎಂದು ಬರಿ ಬೆರಳಿನಿಂದ ಹೇಳುವುದನ್ನು ಪ್ಯಾಕಿಂಗಿನ ಹುಡುಗಿಯಾಗಿದ್ದ ಅವಳಿಗೆ ಕಲಿಸಿದವರು ಅವರೇ. ಅವಳು ಅವರನ್ನು ಅಣ್ಣ ಎನ್ನುತ್ತಿದ್ದಳು, ಅವರ ಹೆಂಡತಿಯನ್ನು ಅತ್ತಿಗೆ. ಅತ್ತಿಗೆ ಗಂಡನ ಊಟದ ಡಬ್ಬಿಯಲ್ಲಿ ಇವಳಿಗೂ ಒಂದು ಪಾಲು ಇಟ್ಟು ಕಳಿಸುತ್ತಿದ್ದರು. ಇಂಥವರು ಒಂದು ದಿನ ಕಳ್ಳನ ಹಾಗೆ ಗೇಟು ದಾಟಿ ಹೋದರು.

“ಆ ಮೂಲೇಲಿದೆ ನೋಡಿ, ಬಿಳಿ ಟೇಪು ಸುತ್ತಿರೋ ಡಬ್ಬ. ಅದರ ಕಥೆ” ಎಂದಳು ಪಟಕ್ಕ.

ಆ ಡಬ್ಬವನ್ನು ಕಾರ್ಖಾನೆಯಲ್ಲಿ ‘ಸತ್ತ ಬ್ಯಾಚು’ ಎನ್ನುತ್ತಿದ್ದರು. ಮೂವತ್ತೆರಡು ವರ್ಷದ ಹಿಂದೆ ಆ ಮಾಲು ಹೊರಗೆ ಹೋದಾಗ ಎಲ್ಲ ಸರಿಯಿತ್ತು. ಎಂಟು ತಿಂಗಳ ನಂತರ ಆಸ್ಪತ್ರೆಗಳಿಂದ ದೂರು ಬಂತು. ನರ್ಸು ಔಷಧಿ ಒತ್ತುವಾಗ ರೆಕ್ಕೆ ಪಟ್ಟೆಂದು ಮುರಿದು ಬೆರಳು ಕೊಯ್ದಿತ್ತು. ಇನ್ನೊಂದು ಕಡೆ ಕೊಳವೆಯೇ ಸೀಳಿ ಔಷಧಿಯೆಲ್ಲ ರೋಗಿಯ ಹಾಸಿಗೆಗೆ ಚೆಲ್ಲಿತ್ತು. ವಿಚಾರಣೆಯಾಯಿತು. ಆ ಬ್ಯಾಚು ಮಾಡಿದ ದಿನ ಮೇಷ್ಟ್ರ ಯಂತ್ರದ ಪಕ್ಕ ಅರೆದ ಪುಡಿಯ ಚೀಲವೊಂದು ಇತ್ತೆಂದು ಯಾರೋ ಹೇಳಿದರು. ಇತ್ತು ಕೂಡ, ಬೇರೆ ಸಾಮಾನಿಗೆಂದು ಇಟ್ಟದ್ದು. ಸರಿ, ಅದನ್ನೇ ಬೆರೆಸಿದ್ದಾರೆ ಎಂದಾಯಿತು. ಆಗ ಕಿರಣದ ಈ ನಿಧಾನದ ವಿಷಯ ಯಾರಿಗೂ ಅಷ್ಟಾಗಿ ಗೊತ್ತಿರಲಿಲ್ಲ. ರಿಜಿಸ್ಟರಿನಲ್ಲಿ ಬರೆದರು: ‘ಕಾರಣ: ಅರೆದ ಪುಡಿಯ ಬೆರಕೆ. ಹೊಣೆ: ಅಚ್ಚು ಯಂತ್ರದ ಮೇಷ್ಟ್ರು.’ ಮೇಷ್ಟ್ರನ್ನು ಕೆಲಸದಿಂದ ತೆಗೆದು ಎಲ್ಲರೂ ಕೈ ತೊಳೆದುಕೊಂಡರು.

ಅವತ್ತು ಮೇಷ್ಟ್ರು ಏಪ್ರನ್ನು ಬಿಚ್ಚಿ ಮೊಳೆಗೆ ನೇತುಹಾಕಿ, ನಲ್ಲಿಯಲ್ಲಿ ಕೈಕಾಲು ತೊಳೆದು ಹೊರಟಾಗ ಗೇಟಿನವರೆಗೆ ಹೋದವಳು ಇವಳೊಬ್ಬಳೇ. “ನಾನು ಬೆರೆಸಿಲ್ಲ ಹುಡುಗಿ” ಎಂದಿದ್ದರು. “ನಂಗೊತ್ತಿಲ್ವಾ ಅಣ್ಣ” ಎಂದಿದ್ದಳು. ಮುಂದೆ ಇಂಥದ್ದು ಮತ್ತೆ ಆಗಬಾರದೆಂದು ಮಾದರಿ ಕೋಣೆ ಮಾಡಿದರು, ಆಸ್ಪತ್ರೆಯಿಂದ ವಾಪಸು ಬಂದ ಆ ಬ್ಯಾಚಿನ ಒಂದು ಡಬ್ಬವನ್ನೂ ಅಲ್ಲಿಟ್ಟರು, ಮುರಿದು ನೋಡುವ ಕೆಲಸ ಹುಟ್ಟಿತು, ಬೆರಳು ಚುರುಕಿದ್ದ ಇವಳನ್ನು ಅಲ್ಲಿ ಕೂರಿಸಿದರು. ಮೇಷ್ಟ್ರು ಊರ ಇನ್ನೊಂದು ತುದಿಯಲ್ಲಿ ಒಡೆದ ಬಕೆಟ್ಟು, ಕುರ್ಚಿಗೆ ತೇಪೆ ಹಾಕುವ ಅಂಗಡಿ ಇಟ್ಟರು. ಪಟಕ್ಕ ಮೊದಮೊದಲು ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದಳು. ಆಮೇಲೆ ವರ್ಷಕ್ಕೊಮ್ಮೆ. ಆಮೇಲೆ ಮದುವೆ, ಮಕ್ಕಳು, ಅದು ಇದು ಎಂದು ನಿಂತೇ ಹೋಯಿತು.

“ಎಸೆಯೋ ಮುಂಚೆ ಬಿಚ್ಚಿ ನೋಡೋಣ ಪಟಕ್ಕ, ನನಗೂ ಒಂದು ಪಾಠ ಆಗುತ್ತೆ” ಎಂದಳು ಕೆಮಿಸ್ಟ್.

ಕೊಳವೆಗಳು ಹಳೆಯ ಹಲ್ಲಿನ ಹಾಗೆ ಹಳದಿಯಾಗಿದ್ದವು. ಪಟಕ್ಕ ಹೆಬ್ಬೆರಳು ಇಟ್ಟಳಷ್ಟೆ, ಒತ್ತಲೂ ಇಲ್ಲ, ರೆಕ್ಕೆ ಪುಡಿಯಾಗಿ ಉದುರಿತು. ಕೆಮಿಸ್ಟ್ ಹುಬ್ಬು ಗಂಟಿಕ್ಕಿ ಪಕ್ಕದ ಬ್ಯಾಚಿನ ಒಂದನ್ನು ತೆಗೆದು ಮುರಿದಳು. ಅದೂ ಅಷ್ಟೇ ಮುದಿಯಾದದ್ದು, ಆದರೆ ಕೈಗೆ ಸ್ವಲ್ಪ ಜಗ್ಗಿ ಆಮೇಲೆ ಮುರಿಯಿತು.

“ಪುಡಿ ಬೆರೆಸಿದರೆ ಇಷ್ಟೊಂದು ಆಗಲ್ಲ ಪಟಕ್ಕ. ಇದು ಕಿರಣ ಜಾಸ್ತಿ ತಿಂದಿರೋದು” ಎಂದ ಕೆಮಿಸ್ಟ್ ಡಬ್ಬವನ್ನು ಕಣ್ಣಿನ ಹತ್ತಿರ ತಂದಳು. “ಈ ಚುಕ್ಕೆ ಯಾಕೆ ಇಷ್ಟು ದಪ್ಪ ಇದೆ?”

ಪ್ರತಿ ಡಬ್ಬದ ಮೇಲೂ ಬಟಾಣಿ ಗಾತ್ರದ ಒಂದು ಹಳದಿ ಚುಕ್ಕೆ ಅಂಟಿಸುತ್ತಾರೆ. ಕಿರಣ ತಾಗಿದರೆ ಅದು ಕೆಂಪಾಗುತ್ತದೆ. ಹಳದಿ ಇದ್ದರೆ ಕಳಿಸು, ಕೆಂಪಾದರೆ ಹೊರಡಿಸು, ಅಷ್ಟೇ ಲೆಕ್ಕ. ಕಿರಣ ತಾಗಿತು ಎಂದಷ್ಟೇ ಚುಕ್ಕೆ ಹೇಳುತ್ತದೆ, ಎಷ್ಟು ಸಲ ಎಂದು ಹೇಳುವುದಿಲ್ಲ. ಕೆಮಿಸ್ಟ್ ಉಗುರಿನಿಂದ ಮೆಲ್ಲಗೆ ಕೆರೆದಳು. ಮೇಲಿನ ಕೆಂಪು ಚುಕ್ಕೆ ಎದ್ದು ಬಂತು. ಅದರ ಕೆಳಗೆ ಇನ್ನೊಂದು ಚುಕ್ಕೆ ಇತ್ತು. ಅದೂ ಕೆಂಪು.

“ಅಯ್ಯೋ, ಎರಡು ಸಲ ಒಳಗೆ ಹೋಗಿದೆ! ಯಾವ ಮಹಾರಾಯ ಇದನ್ನ ಮಾಡಿದ್ದು?”

ಪಟಕ್ಕ ಡಬ್ಬವನ್ನು ತನ್ನ ಕಡೆ ಎಳೆದುಕೊಂಡಳು. ಮೇಲಿನ ಚುಕ್ಕೆಯನ್ನು ಕೆಳಗಿನದರ ಮೇಲೆ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಅಂಟಿಸಲಾಗಿತ್ತು. ಪ್ಯಾಕಿಂಗಿನಲ್ಲಿ ಅಷ್ಟು ಅಚ್ಚುಕಟ್ಟಾಗಿ ಚುಕ್ಕೆ ಅಂಟಿಸುತ್ತಿದ್ದವರು ಒಬ್ಬರೇ. ಅದಕ್ಕೇ ಅಲ್ಲವೇ ಎಲ್ಲರ ಮುಂದೆ ಶಹಬ್ಬಾಸ್ ಎನ್ನಿಸಿಕೊಂಡಿದ್ದು?

ಒಂದು ಮಧ್ಯಾಹ್ನ ಇಡಿಯಾಗಿ ಕಣ್ಣ ಮುಂದೆ ಬಂದು ನಿಂತಿತು. ಸೆಕೆಗಾಲ, ಆ ಸಲದ ಚುಕ್ಕೆಗಳ ಗೋಂದು ಕೆಟ್ಟದ್ದು. ಕಿರಣದ ಮನೆಯಿಂದ ವಾಪಸು ಬಂದ ಡಬ್ಬಗಳಲ್ಲಿ ಅರ್ಧಕ್ಕರ್ಧ ಚುಕ್ಕೆಗಳು ಉದುರಿಹೋಗಿದ್ದವು. ಸೂಪರ್‌ವೈಸರ್ ಊಟಕ್ಕೆ ಹೋಗಿದ್ದ, ಲಾರಿ ಸಂಜೆಗೆ ಬರುವುದಿತ್ತು. ಚುಕ್ಕೆಯಿಲ್ಲದ ಡಬ್ಬ ಕಳಿಸುವಂತಿಲ್ಲ. ಅವಳು ಹೊಸ ಚುಕ್ಕೆ ಅಂಟಿಸಿದಳು. ಒಂದರ ಮೇಲೆ ಕೆಂಪು, ಒಂದರ ಮೇಲೆ ಹಳದಿ ಇದ್ದರೆ ನೋಡುವುದಕ್ಕೆ ಅಸಹ್ಯ ಎಂದು, ಉದುರದೆ ಇದ್ದವುಗಳ ಮೇಲೂ ಹೊಸದನ್ನು ಅಂಟಿಸಿದಳು. ಈಗ ಎಲ್ಲವೂ ಹಳದಿ. ಹಳದಿ ಇದ್ದರೆ ಕಳಿಸು! ಇನ್ನೊಂದು ಸಲ ಒಳಗೆ ಹೋಗಿ ಬಂದರೆ ಇನ್ನಷ್ಟು ಶುದ್ಧವೇ ಆಗುತ್ತದಲ್ಲ, ನಷ್ಟ ಏನು ಎಂದುಕೊಂಡು ಸರಪಳಿಗೆ ಏರಿಸಿಬಿಟ್ಟಳು. ಸಂಜೆ ಎಲ್ಲ ಕೆಂಪಾಗಿ ಬಂದವು, ಸಾಲಾಗಿ, ಒಂದೇ ಸಮ. ನೋಡಿ ಖುಷಿಪಟ್ಟಿದ್ದಳು.

ಇಷ್ಟು ವರ್ಷ ಇದು ನೆನಪಿಗೆ ಬರಲಿಲ್ಲವೇ? ಮರೆತಿದ್ದಳೋ, ಮರೆಯಬೇಕೆಂದು ಮರೆತಿದ್ದಳೋ, ಅದನ್ನು ಅವಳ ಮನಸ್ಸೇ ಹೇಳಬೇಕು. ಎರಡು ಸುತ್ತು ಹೋದ ಮಾಲು ಕೆಡುತ್ತದೆ ಎಂದು ಕಲಿತು ಇಪ್ಪತ್ತು ವರ್ಷವಾಗಿತ್ತು. ಹಾಗಿದ್ದೂ ಈ ಟೇಪು ಸುತ್ತಿದ ಡಬ್ಬವನ್ನು ಒಂದು ದಿನವೂ ಕೆಳಗಿಳಿಸಿರಲಿಲ್ಲ.

“ನಾನೇ” ಎಂದಳು.

“ಏನು ನೀವೇ?”

“ಆ ಮಹಾರಾಯ. ನಾನೇ ಕಣ್ರೀ.”

ಕೆಮಿಸ್ಟ್ ಒಮ್ಮೆ ಬಾಗಿಲ ಕಡೆ ನೋಡಿದಳು. ಆಮೇಲೆ ಚುಕ್ಕೆಯನ್ನು ಇದ್ದ ಜಾಗಕ್ಕೇ ಒತ್ತಿಟ್ಟು, “ನಾನೇನೂ ನೋಡಿಲ್ಲ. ಇನ್ನು ಐದಾರು ದಿನ ಇದೆ ನಿಮಗೆ. ಡಬ್ಬ ಹೇಗೂ ಕಸಕ್ಕೆ ಹೋಗುತ್ತೆ” ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಪಾಪ.

ಆಸೆಯಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಬೀಳ್ಕೊಡುಗೆಯ ದಿನ ಏನೇನು ಮಾತಾಡುತ್ತಾರೆಂದು ಪಟಕ್ಕನಿಗೆ ಗೊತ್ತಿತ್ತು. ಒಂದು ತಪ್ಪು ಮಾಡದ ಕೈ ಎನ್ನುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಮಗಳು ಅಳಿಯ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಅವಳು ಹೆಬ್ಬೆರಳನ್ನು ನೋಡಿಕೊಂಡಳು. ತುದಿಯಲ್ಲಿ ಕಾಯಿಕಟ್ಟಿತ್ತು. ಮೇಷ್ಟ್ರ ಅನ್ನ ಹೋದ ಜಾಗದಲ್ಲಿ ತನ್ನ ಅನ್ನ ಹುಟ್ಟಿತ್ತು ಎಂದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಿತು. ರಿಜಿಸ್ಟರು ತೆಗೆದು, ಹಳೆಯ ಸಾಲಿನ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ಬರೆದಳು: ‘ಕಾರಣ: ಎರಡು ಸಲ ಕಿರಣ ಹಾಯಿಸಿರುವುದು. ಹೊಣೆ: ಪ್ಯಾಕಿಂಗಿನಲ್ಲಿದ್ದ ನಾನು.’ ಸಹಿ ಹಾಕಿದಳು. ಮ್ಯಾನೇಜರು ಅದನ್ನು ಎರಡು ಸಲ ಓದಿ, “ಇದೆಲ್ಲ ಈಗ ಬೇಕಿತ್ತಾ? ನಾನು ಮೇಲಿನೋರಿಗೆ ಕಳಿಸಬೇಕಾಗುತ್ತೆ” ಎಂದರು. “ಕಳಿಸಿ ಸರ್” ಎಂದಳು.

ಬರೆಯುವುದು ಸುಲಭವಾಗಿತ್ತು. ಕಾಗದಕ್ಕೆ ಮುಖವಿಲ್ಲವಲ್ಲ.

ರಜೆಯ ದಿನ ಬೆಳಗ್ಗೆ ಪಟಕ್ಕ ಬಸ್ಸಿಳಿದು ಮೇಷ್ಟ್ರ ಅಂಗಡಿಯಿದ್ದ ಬೀದಿಗೆ ತಿರುಗಿದಾಗ ಮೊದಲು ಬಂದದ್ದು ವಾಸನೆ. ಕಾಯಿಸಿದ ಪ್ಲಾಸ್ಟಿಕ್ಕಿನ ವಾಸನೆ, ಯಂತ್ರದ ಮನೆಯದೇ. ಮೇಷ್ಟ್ರು ಅಂಗಡಿಯ ಮೆಟ್ಟಿಲ ಮೇಲೆ ನೀಲಿ ಬಕೆಟ್ಟೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಿರುಕಿಗೆ ಬಿಸಿ ಕಬ್ಬಿಣ ಎಳೆಯುತ್ತಿದ್ದರು. ಎಪ್ಪತ್ತೇಳು ವರ್ಷ, ಕೈ ಮಾತ್ರ ನಡುಗುತ್ತಿರಲಿಲ್ಲ.

“ಅಣ್ಣ.”

ತಲೆಯೆತ್ತಿ ನೋಡಿದರು. “ಏ ಹುಡುಗಿ! ಎಷ್ಟು ವರ್ಷ ಆಯ್ತೇ! ದಾರಿ ತಪ್ಪಿ ಬಂದ್ಯಾ?” ಐವತ್ತೆಂಟರ ಅವಳನ್ನು ಹುಡುಗಿ ಎನ್ನುವವರು ಇನ್ಯಾರೂ ಉಳಿದಿರಲಿಲ್ಲ. ಅವಳಿಗೆ ಅಲ್ಲೇ ಅಳು ಬಂತು.

ಕೂರು ಎಂದರು, ಕೂರಲಿಲ್ಲ. ನಿಂತುಕೊಂಡೇ ಹೇಳಿದಳು. ಗೋಂದು, ಚುಕ್ಕೆ, ಅಚ್ಚುಕಟ್ಟು, ಸರಪಳಿ, ಎಲ್ಲ. ಕಬ್ಬಿಣ ಬಕೆಟ್ಟಿನ ಮೇಲೆ ಒಂದೇ ಕಡೆ ನಿಂತುಬಿಟ್ಟಿತು. ಹೊಗೆ ಎದ್ದು, ಬಿರುಕಿದ್ದ ಕಡೆ ತೂತೇ ಬಿತ್ತು. ಮೇಷ್ಟ್ರು ಅದನ್ನು ನೋಡಲೇ ಇಲ್ಲ.

“ನಿನಗೆ ಆಚೆ ಹೋಗು ಅನ್ನಬೇಕು ನಾನು” ಎಂದರು.

“ಅನ್ನಿ ಅಣ್ಣ.”

“ಸುಮ್ನಿರು. ನನ್ನ ತಲೆ ಏನಾಗಿತ್ತು ಗೊತ್ತಾ ನಿನಗೆ? ಆ ಬ್ಯಾಚು ಮಾಡಿದ ದಿನ ನನಗೆ ಜ್ವರ. ಕೆಂಡದಂಥ ಜ್ವರ. ರಜೆ ಹಾಕಲಿಲ್ಲ. ಮೊದಲನೇ ವರ್ಷ ನಾನು ಬೆರೆಸಿಲ್ಲ ಬೆರೆಸಿಲ್ಲ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದೆ. ಆಮೇಲೆ, ಜ್ವರದಲ್ಲಿ ಯಾವ ಚೀಲಕ್ಕೆ ಕೈ ಹಾಕಿದೆನೋ ಅನ್ನಿಸೋಕೆ ಶುರುವಾಯ್ತು. ಅನ್ನಿಸಿ ಅನ್ನಿಸಿ ಕೊನೆಗೆ ನಾನೇ ಮಾಡಿದ್ದು ಅಂತ ನಂಬಿಬಿಟ್ಟೆ ಕಣೇ. ಆ ನರ್ಸಿನ ಬೆರಳು ಕನಸಲ್ಲಿ ಬರ್ತಿತ್ತು.”

ಎದ್ದು ಹೋಗಿ ಕಪಾಟಿನಿಂದ ಒಂದು ತಗಡಿನ ಡಬ್ಬಿ ತಂದರು. ಅದರ ತುಂಬ ಕೊಳವೆಗಳು, ಒಂದೊಂದರ ಮೇಲೂ ಗೀಚಿದ ಗುರುತು. ಅವರ ಮೊದಲ ಕಾಯಿಗಳು. ತಳದಿಂದ ಒಂದನ್ನು ಹುಡುಕಿ ತೆಗೆದು ಅವಳ ಅಂಗೈಯಲ್ಲಿಟ್ಟರು. ಸತ್ತ ಬ್ಯಾಚಿನದು. ಯಂತ್ರದಿಂದ ನೇರ ಜೇಬಿಗೆ ಬಿದ್ದದ್ದು, ಕಿರಣದ ಮನೆಯ ಬಾಗಿಲನ್ನೂ ಕಂಡಿರದದ್ದು.

“ಇದನ್ನ ಒಂದು ಸಲಾನೂ ಬಗ್ಗಿಸಿ ನೋಡಿಲ್ಲ. ಧೈರ್ಯ ಬರಲಿಲ್ಲ. ಮುರಿದುಬಿಟ್ಟರೆ? ಪುಡಿ ಬೆರೆಸಿದ್ದು ನಾನೇ ಅಂತ ಆಗುತ್ತಲ್ಲ. ನೀನು ಬಗ್ಗಿಸು. ನಿನ್ನ ಕೆಲಸ ತಾನೇ ಅದು.”

ಪಟಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಕೊಳವೆ ಇನ್ನೂ ಹಾಲಿನ ಹಾಗೆ ಬಿಳಿ. ರೆಕ್ಕೆಯ ಮೇಲೆ ಬೆರಳಿಟ್ಟು ಒತ್ತಿದಳು. ಇಬ್ಬರೂ ಉಸಿರು ಬಿಗಿಹಿಡಿದು ಕಿವಿಗೊಟ್ಟರು. ಸದ್ದೇ ಬರಲಿಲ್ಲ. ರೆಕ್ಕೆ ಪೂರ್ತಿ ಹಿಂದಕ್ಕೆ ಮಡಚಿಕೊಂಡಿತು, ಮಡಿಕೆಯಲ್ಲಿ ಒಂದು ಬಿಳಿಗೆರೆ ಎದ್ದಿತು, ಮುರಿಯಲಿಲ್ಲ. ಬಿಟ್ಟಾಗ ನಿಧಾನವಾಗಿ ಅರ್ಧ ದಾರಿಗೆ ವಾಪಸು ಬಂತು.

ಮೇಷ್ಟ್ರು ಅದನ್ನು ಕಿತ್ತುಕೊಂಡು ತಾವೂ ಬಗ್ಗಿಸಿದರು. ಇನ್ನೊಮ್ಮೆ ಬಗ್ಗಿಸಿದರು. ಆ ಮುದಿ ಮುಖ ಮಗುವಿನದರ ಹಾಗೆ ಸೊಟ್ಟಗಾಯಿತು.

“ಒಳಗೆ ಹೋಗು” ಎಂದರು. “ನಿಮ್ಮತ್ತಿಗೆ ಇದ್ದಾಳೆ. ಅವಳಿಗೆ ಹೇಳು. ನೀನೇ ಹೇಳು.”

ಅತ್ತಿಗೆ ನಡುಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು. ಗುರುತು ಹಿಡಿದು, “ಬಾರೇ, ಸೊರಗಿಹೋಗಿದ್ದೀಯಲ್ಲೇ” ಎಂದು ಅವಳ ಕೈ ಹಿಡಿದುಕೊಂಡರು. ಪಟಕ್ಕ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದಳು.

“ಏನಂದೆ? ಕಿವಿ ಮಂದ ಕಣೇ ನಂಗೆ. ಜೋರಾಗಿ ಹೇಳು.”

ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಿದಳು. ಅತ್ತಿಗೆ ತಲೆಯಾಡಿಸಿ ಕಿವಿಯನ್ನು ಅವಳ ಬಾಯಿಯ ಹತ್ತಿರಕ್ಕೇ ತಂದರು. ಬಾಗಿಲಲ್ಲಿ ಮೇಷ್ಟ್ರು ಬಂದು ನಿಂತಿದ್ದರು. ಎದುರು ಮನೆಯವರು ಕಿಟಕಿಯಲ್ಲಿ ಇಣುಕುತ್ತಿದ್ದರು, ಬಕೆಟ್ಟು ಒಯ್ಯಲು ಬಂದವರು ಮೆಟ್ಟಿಲ ಮೇಲೆ ನಿಂತಿದ್ದರು. ನಾಚಿಕೆ ಮಾಡಿಕೊಂಡು ಪ್ರಯೋಜನವಿರಲಿಲ್ಲ. ಪಟಕ್ಕ ಇದ್ದಬದ್ದ ಉಸಿರೆಲ್ಲ ಎಳೆದುಕೊಂಡು ಬೀದಿಗೇ ಕೇಳುವ ಹಾಗೆ ಕೂಗಿದಳು:

“ಸಿರಿಂಜು ಮುರಿದಿದ್ದು ನನ್ನಿಂದ ಅತ್ತಿಗೆ! ಡಬ್ಬಗಳನ್ನ ಎರಡು ಸಲ ಕಳಿಸಿದ್ದು ನಾನು! ಅಣ್ಣ ಏನೂ ಬೆರೆಸಿಲ್ಲ! ಅವರ ಮಾಲು ಇವತ್ತಿಗೂ ಮುರೀಲಿಲ್ಲ!”

ಅತ್ತಿಗೆ ಈಳಿಗೆಯನ್ನು ಪಕ್ಕಕ್ಕೆ ಸರಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡರು. ಅವರು ಪಟಕ್ಕನನ್ನು ಬಯ್ಯಲಿಲ್ಲ, ಅವಳ ಕಡೆ ನೋಡಲೂ ಇಲ್ಲ. ಬಾಗಿಲಲ್ಲಿ ಕೊಳವೆ ಹಿಡಿದು ನಿಂತಿದ್ದ ಗಂಡನ ಕಡೆ ತಿರುಗಿದರು. ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು, ಬಾಯಿಯಲ್ಲಿ ಮಾತ್ರ ಸಿಟ್ಟು.

“ಮೂವತ್ತೆರಡು ವರ್ಷದಿಂದ ನಾನು ಇದನ್ನೇ ಬಡ್ಕೋತಾ ಇದ್ದೀನಿ, ನಿಮ್ಮ ಕೈ ಅಂಥದ್ದು ಮಾಡಲ್ಲ, ನಿಮ್ಮ ಕೈ ಅಂಥದ್ದು ಮಾಡಲ್ಲ ಅಂತ. ಕಿವುಡು ನಂಗೋ, ನಿಮಗೋ?”